ಬಳ್ಳಿಯ ಮಗಳು, ದಿಮ್ಮಿಯ ಮಗ

ಮಳೆ ಹಿಡಿದ ರಾತ್ರಿಗಳಲ್ಲಿ ನಮ್ಮ ಜಗಲಿಯ ದೀಪಕ್ಕೆ ಟಪ್ಪೆಂದು ಬಂದು ಬಡಿಯುವುದು ಕುರುವಾಯಿ. ಅಂಗಾತ ಬಿದ್ದು ಕಾಲು ಆಡಿಸುವ ಆ ದುಂಬಿಯನ್ನು ಒಮ್ಮೆ ಅಂಗೈಗೆ ತೆಗೆದುಕೊಳ್ಳಿ. ಹೆಬ್ಬೆರಳಿನ ದಪ್ಪ, ಮೂತಿಯ ಮೇಲೆ ಹಿಂದಕ್ಕೆ ಬಾಗಿದ ಕೊಂಬು. ಮುಷ್ಟಿ ಬಿಗಿದರೆ ಮುಳ್ಳುಗಾಲು ಊರಿ, ಬೆರಳ ಸಂದಿ ಅಗಲಿಸಿಕೊಂಡೇ ಹೊರಬರುತ್ತದೆ. ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿದೆ. ಹಾರುವ ತೆಳು ರೆಕ್ಕೆ ಅದರಡಿ ಮಡಚಿಕೊಂಡಿರುತ್ತದೆ.

ಹಗಲಲ್ಲಿ ಅದೇ ಅಂಗಳದ ಕೇಪಳ ಹೂವಿಗೆ ನಮ್ಮ ರಾಜ್ಯ ಚಿಟ್ಟೆ, ಸಹ್ಯಾದ್ರಿಯ ಬರ್ಡ್‌ವಿಂಗ್ ಬರುತ್ತದೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನದಕ್ಕೆ ಅರಿಶಿನದ ಹೊಳಪು. ದೊಡ್ಡ ಹೆಣ್ಣಿನ ರೆಕ್ಕೆಯಗಲ 190 ಮಿಲಿಮೀಟರ್. 2020ರಲ್ಲಿ ಹಿಮಾಲಯದ ಅದರ ದಾಯಾದಿಯೊಂದು 194ರ ಅಳತೆ ತೋರಿಸಿ ದೇಶದ ಅತಿ ದೊಡ್ಡ ಚಿಟ್ಟೆಯೆಂಬ ಪಟ್ಟ ಕಿತ್ತುಕೊಂಡಿತು. ನನ್ನ ಕಣ್ಣಿಗೆ ಇದರ ಹಿರಿಮೆ ಅಳತೆಯಲ್ಲಿಲ್ಲ, ಆತುರವಿಲ್ಲದ ಆ ಹಾರಾಟದಲ್ಲಿದೆ. ಆ ಧೈರ್ಯ ಬಾಲ್ಯದಲ್ಲಿ ತಿಂದ ವಿಷದ್ದು. ಇದರ ಹುಳು ಈಶ್ವರಿ ಬಳ್ಳಿ ಮತ್ತದರ ಬಳಗದ ಗಿಡಗಳ ಹೊರತು ಬೇರೇನನ್ನೂ ಮುಟ್ಟದು. ಎಲೆಯ ವಿಷ ಮೈಯಲ್ಲೇ ಉಳಿಯುವುದರಿಂದ ಹಕ್ಕಿಗಳು ಇದರ ತಂಟೆಗೆ ಹೋಗುವುದಿಲ್ಲ.

ಕುರುವಾಯಿಯ ಗೊಣ್ಣೆಹುಳುವಿಗೆ ಇಂಥದೇ ಬೇಕೆಂಬ ಹಠವಿಲ್ಲ, ಕೊಳೆತದ್ದಾದರೆ ಸಾಕು. ಕಾಡಿನಲ್ಲಿ ಉರುಳಿದ ಬೈನೆ ದಿಮ್ಮಿಯೊಳಗೆ ತಿಂಗಳುಗಟ್ಟಲೆ ಮುದುಡಿ ಮಲಗಿ ಮರವನ್ನು ಮಣ್ಣಾಗಿಸುತ್ತದೆ. ಕಾಡು ಹೋಗಿ ತೋಟ ಬಂದರೆ ತೆಂಗಿನ ಕೊಳೆತ ಬುಡ, ಗೊಬ್ಬರದ ಗುಂಡಿಯೇ ಅದಕ್ಕೆ ಕಾಡು. ಬೆಳೆದ ದುಂಬಿ ತೆಂಗಿನ ಸುಳಿಗೆ ನುಗ್ಗುತ್ತದೆ. ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಕೊಕ್ಕೆ ಹಾಕಿ ಎಳೆದು ತೆಗೆಯುವ ಕೃಷಿಕರ ಸಂಕಟ ನನಗೆ ಗೊತ್ತು, ನಾನೂ ಎಳೆದು ತೆಗೆದವನೇ. ಆದರೂ ಅದನ್ನು ಬರೀ ಪೀಡೆಯೆನ್ನಲು ನಾಲಿಗೆ ಏಳುವುದಿಲ್ಲ. ಕಾಡು ಸೋತಲ್ಲಿ ಚಿಟ್ಟೆ ಸದ್ದಿಲ್ಲದೆ ಇಲ್ಲವಾಗುತ್ತದೆ. ದುಂಬಿ ನಮ್ಮ ಅಂಗಳಕ್ಕೆ ಬರುತ್ತದೆ. ಎರಡೂ ಕಳೆದುಕೊಂಡದ್ದು ಒಂದೇ ಮನೆಯನ್ನು.

ನಮ್ಮ ಬೇಲಿಯಲ್ಲಿ ಈಶ್ವರಿ ಬಳ್ಳಿ ಹಬ್ಬಿದೆ. ಬೇಲಿ ಸವರಲು ಬಂದವರಿಗೆ ಅದೂ ಕಳೆಯೇ. ಕತ್ತಿ ಬೀಸುವ ಮೊದಲು ಒಂದು ಎಲೆ ಮಗುಚಿ ನೋಡಿ ಎನ್ನುತ್ತೇನೆ. ಕೆಂಗಪ್ಪು ಮೈ, ಸಾಲುಸಾಲು ಮೆತ್ತನೆಯ ಮುಳ್ಳು, ನಡುವೆ ಓರೆಯಾದ ನಸುಬಿಳಿ ಪಟ್ಟಿ. ಹುಳು ತಲೆ ತಗ್ಗಿಸಿ ಎಲೆ ಮೇಯುತ್ತಿರುತ್ತದೆ.