ಸ್ನೋಮೊಬೈಲ್‌ನ ಗೇರ್ ಅನುಪಾತ ಮತ್ತು ಚಾಲನಾ ಬೆಲ್ಟ್

ಸ್ನೋಮೊಬೈಲ್ ಅಥವಾ ಹಿಮವಾಹನವು ಮುಂಭಾಗದಲ್ಲಿ ಜಾರುಹಲಗೆಗಳನ್ನೂ ಹಿಂಭಾಗದಲ್ಲಿ ರಬ್ಬರಿನ ಟ್ರ್ಯಾಕನ್ನೂ ಹೊಂದಿದ್ದು, ಹಿಮದ ಮೇಲೆ ಸಂಚರಿಸುವ ಯಂತ್ರವಾಹನವಾಗಿದೆ. ಇದರ ಇಂಜಿನ್ನಿನ ಶಕ್ತಿಯು ಮೊದಲು ಒಂದು ರಬ್ಬರ್ ಬೆಲ್ಟಿನ ಮೂಲಕ, ನಂತರ ಒಂದು ಜೊತೆ ಹಲ್ಲುಚಕ್ರಗಳ (ಸ್ಪ್ರಾಕೆಟ್) ಮೂಲಕ ಟ್ರ್ಯಾಕಿಗೆ ತಲುಪುತ್ತದೆ. ಹೆಚ್ಚಿನ ಸಾಮರ್ಥ್ಯದ ವಾಹನಗಳಲ್ಲಿ ಈ ಎರಡನ್ನೂ ಒಟ್ಟಿಗೆ ಪರಿಗಣಿಸಿ ಆಯ್ಕೆ ಮಾಡಬೇಕಾಗುತ್ತದೆ. ಗೇರ್ ಅನುಪಾತವು ಬಳಕೆಗೆ ಹೊಂದದಿದ್ದರೆ ಎಷ್ಟೇ ಉತ್ತಮ ಬೆಲ್ಟ್ ಆದರೂ ಬಿಸಿಯಾಗಿ ಬೇಗನೆ ಹಾಳಾಗುತ್ತದೆ.

ಹಿನ್ನೆಲೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೋರ್ ಪಟ್ಟಣದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಅವರು 1959ರಲ್ಲಿ ಮಾರುಕಟ್ಟೆಗೆ ತಂದ ಸ್ಕೀ-ಡೂ ಎಂಬ ಹಗುರ ವಾಹನವು ಸ್ನೋಮೊಬೈಲನ್ನು ಜನಪ್ರಿಯಗೊಳಿಸಿತು. ಅಮೆರಿಕದ ಮಿನ್ನೆಸೋಟ ರಾಜ್ಯದ ಪೋಲಾರಿಸ್ ಮತ್ತು ಆರ್ಕ್‌ಟಿಕ್ ಕ್ಯಾಟ್ ಈ ಕ್ಷೇತ್ರದ ಇತರ ಪ್ರಮುಖ ತಯಾರಕ ಸಂಸ್ಥೆಗಳು. ಇಂದಿನ 850 ಸಿಸಿಯ ಟೂ-ಸ್ಟ್ರೋಕ್ ಇಂಜಿನ್ನುಗಳು ಸುಮಾರು 165 ಅಶ್ವಶಕ್ತಿಯನ್ನು ನೀಡುತ್ತವೆ. ಈ ಶಕ್ತಿಯೆಲ್ಲವೂ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಅಗಲದ ಒಂದೇ ಬೆಲ್ಟಿನ ಮೂಲಕ ಸಾಗುತ್ತದೆ.

ಕಾರ್ಯವಿಧಾನ

ಸ್ನೋಮೊಬೈಲಿನಲ್ಲಿ ಕಾರಿನಲ್ಲಿರುವಂತೆ ಹಂತಹಂತದ ಗೇರುಗಳಿರುವುದಿಲ್ಲ. ಅದರ ಬದಲು ನಿರಂತರವಾಗಿ ಅನುಪಾತ ಬದಲಿಸುವ ಸಿವಿಟಿ ವ್ಯವಸ್ಥೆ ಇರುತ್ತದೆ. ಭಾರತದಲ್ಲಿ ಬಳಕೆಯಲ್ಲಿರುವ ಗೇರ್‌ಲೆಸ್ ಸ್ಕೂಟರುಗಳದ್ದೂ ಇದೇ ತತ್ತ್ವ.

ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮೇಲಿರುವ ರಾಟೆಯನ್ನು ಪ್ರಾಥಮಿಕ ಕ್ಲಚ್ ಎಂದು ಕರೆಯುತ್ತಾರೆ. ಇಂಜಿನ್ನಿನ ವೇಗ ಹೆಚ್ಚಿದಂತೆ ಅದರೊಳಗಿನ ತೂಕದ ತುಂಡುಗಳು ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಸರಿದು, ಸ್ಪ್ರಿಂಗಿನ ವಿರುದ್ಧ ರಾಟೆಯ ಎರಡು ಫಲಕಗಳನ್ನು ಹತ್ತಿರಕ್ಕೆ ಒತ್ತುತ್ತವೆ. ಆಗ ಬೆಲ್ಟ್ ಮೇಲಕ್ಕೇರುತ್ತದೆ. ಇನ್ನೊಂದು ತುದಿಯ ದ್ವಿತೀಯಕ ಕ್ಲಚ್‌ನಲ್ಲಿ ಫಲಕಗಳು ದೂರ ಸರಿದು ಬೆಲ್ಟ್ ಒಳಕ್ಕಿಳಿಯುತ್ತದೆ. ಈ ಕ್ಲಚ್‌ನ ಸ್ಪ್ರಿಂಗ್ ಮತ್ತು ಹೆಲಿಕ್ಸ್ ಎಂಬ ಇಳಿಜಾರು ಭಾಗವು ಎಳೆತದ ಭಾರಕ್ಕೆ ತಕ್ಕಂತೆ ಬೆಲ್ಟನ್ನು ಬಿಗಿಹಿಡಿಯುತ್ತವೆ. ಹೀಗೆ ಅನುಪಾತವು ಆರಂಭದ ಸುಮಾರು 3.5:1 ರಿಂದ ಪೂರ್ಣವೇಗದ ಸುಮಾರು 0.8:1 ರವರೆಗೆ ಬದಲಾಗಬಲ್ಲದು. ಇಂಜಿನ್ನನ್ನು ಸದಾ ಅದರ ಗರಿಷ್ಠ ಶಕ್ತಿಯ ವೇಗದಲ್ಲಿ ಇರಿಸುವುದೇ ಈ ವ್ಯವಸ್ಥೆಯ ಉದ್ದೇಶ.

ದ್ವಿತೀಯಕ ಕ್ಲಚ್‌ನಿಂದ ಹೊರಟ ಶಕ್ತಿಯು ಚೈನ್‌ಕೇಸ್ ಎಂಬ ಪೆಟ್ಟಿಗೆಯಲ್ಲಿರುವ ಮೇಲಿನ ಮತ್ತು ಕೆಳಗಿನ ಹಲ್ಲುಚಕ್ರಗಳ ಮೂಲಕ ಟ್ರ್ಯಾಕ್ ತಿರುಗಿಸುವ ಶಾಫ್ಟಿಗೆ ತಲುಪುತ್ತದೆ. ಗೇರ್ ಅನುಪಾತ ಎಂದರೆ ಈ ಎರಡು ಚಕ್ರಗಳ ಹಲ್ಲುಗಳ ಅನುಪಾತ.

ಗೇರ್ ಅನುಪಾತದ ಲೆಕ್ಕ

ಕೆಳಗಿನ ಚಕ್ರದ ಹಲ್ಲುಗಳ ಸಂಖ್ಯೆಯನ್ನು ಮೇಲಿನ ಚಕ್ರದ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಗೇರ್ ಅನುಪಾತ ದೊರೆಯುತ್ತದೆ. ಮೇಲೆ 23, ಕೆಳಗೆ 43 ಹಲ್ಲುಗಳಿದ್ದರೆ ಅನುಪಾತ 1.87, ಮೇಲೆ 19, ಕೆಳಗೆ 49 ಇದ್ದರೆ 2.58. ಅನುಪಾತ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚುತ್ತದೆ, ವೇಗ ತಗ್ಗುತ್ತದೆ.

ಉದಾಹರಣೆಗೆ, ಇಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದ್ದು, ಸಿವಿಟಿ 1:1ರಲ್ಲಿದೆ ಎಂದಿಟ್ಟುಕೊಳ್ಳಬಹುದು. ಟ್ರ್ಯಾಕ್ ತಿರುಗಿಸುವ ಚಕ್ರಕ್ಕೆ 8 ಹಲ್ಲುಗಳಿದ್ದು, ಟ್ರ್ಯಾಕಿನ ಹಲ್ಲುಗಳ ಅಂತರ 72.6 ಮಿ.ಮೀ. ಆದರೆ ಶಾಫ್ಟಿನ ಒಂದು ಸುತ್ತಿಗೆ ಟ್ರ್ಯಾಕ್ ಸುಮಾರು 58 ಸೆಂ.ಮೀ. ಸಾಗುತ್ತದೆ. 1.87 ಅನುಪಾತದಲ್ಲಿ ಶಾಫ್ಟ್ ನಿಮಿಷಕ್ಕೆ ಸುಮಾರು 4,280 ಸುತ್ತು ತಿರುಗುವುದರಿಂದ ಟ್ರ್ಯಾಕಿನ ವೇಗ ಗಂಟೆಗೆ ಸುಮಾರು 149 ಕಿ.ಮೀ. ಆಗುತ್ತದೆ. 2.58 ಅನುಪಾತದಲ್ಲಿ ಅದು ಸುಮಾರು 108 ಕಿ.ಮೀ. ಮಾತ್ರ. ಮೇಲಿನ ಚಕ್ರವನ್ನು 23 ಹಲ್ಲಿನಿಂದ 22ಕ್ಕೆ ಇಳಿಸಿದರೆ ವೇಗ ಸುಮಾರು ಶೇ. 4ರಷ್ಟು ಕಡಿಮೆಯಾಗುತ್ತದೆ. ಟ್ರ್ಯಾಕ್ ಹಿಮದಲ್ಲಿ ಜಾರುವುದರಿಂದ ವಾಹನದ ನಿಜವಾದ ವೇಗ ಈ ಲೆಕ್ಕಕ್ಕಿಂತ ಕಡಿಮೆ ಇರುತ್ತದೆ.

ಬಳಕೆಗೆ ತಕ್ಕ ಅನುಪಾತ

ಗಟ್ಟಿ ಹಿಮದ ದಾರಿಗಳಲ್ಲಿ ಮತ್ತು ಹೆಪ್ಪುಗಟ್ಟಿದ ಸರೋವರಗಳ ಮೇಲಿನ ಓಟದಲ್ಲಿ ಸಣ್ಣ ಅನುಪಾತ ಸೂಕ್ತ. ಪರ್ವತಗಳ ಆಳವಾದ ಹಿಮದಲ್ಲಿ ಉದ್ದನೆಯ ಟ್ರ್ಯಾಕ್ ಮತ್ತು 60 ಮಿ.ಮೀ.ಗೂ ಮೀರಿದ ಎತ್ತರದ ರಬ್ಬರ್ ಹಲ್ಲುಗಳನ್ನು ತಿರುಗಿಸಬೇಕಾಗಿರುವುದರಿಂದ ದೊಡ್ಡ ಅನುಪಾತ ಬೇಕಾಗುತ್ತದೆ.

ಎತ್ತರವೂ ಮುಖ್ಯವಾದ ಅಂಶ. ಟರ್ಬೊ ಇಲ್ಲದ ಇಂಜಿನ್ ಪ್ರತಿ 300 ಮೀಟರ್ ಏರಿಕೆಗೆ ತನ್ನ ಶಕ್ತಿಯ ಸುಮಾರು ಶೇ. 3ರಷ್ಟನ್ನು ಕಳೆದುಕೊಳ್ಳುತ್ತದೆ. ಪ್ರವಾಸಿಗರಿಗಾಗಿ ಸ್ನೋಮೊಬೈಲುಗಳು ಓಡುವ ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಂಜಿನ್ನಿನ ಶಕ್ತಿಯ ಕಾಲು ಭಾಗದಷ್ಟು ಕಡಿಮೆಯಾಗಿರುತ್ತದೆ. ಇಂತಹ ಕಡೆ ಕ್ಲಚ್‌ನಲ್ಲಿ ಹಗುರವಾದ ತೂಕದ ತುಂಡುಗಳನ್ನೂ ದೊಡ್ಡ ಅನುಪಾತವನ್ನೂ ಬಳಸುತ್ತಾರೆ.

ಆಳ ಹಿಮದಲ್ಲಿ ಅನುಪಾತ ತೀರ ಸಣ್ಣದಾಗಿದ್ದರೆ ಬೆಲ್ಟ್ ಪ್ರಾಥಮಿಕ ರಾಟೆಯ ತಳದಲ್ಲೇ ಉಳಿಯುತ್ತದೆ. ಅಲ್ಲಿ ಅದು ಹೆಚ್ಚು ಬಾಗಬೇಕಾಗುತ್ತದೆ ಮತ್ತು ಹಿಡಿತಕ್ಕೆ ಸಿಗುವ ಮೇಲ್ಮೈ ಕಡಿಮೆ. ಪರಿಣಾಮವಾಗಿ ಬೆಲ್ಟ್ ಜಾರಿ ಬಿಸಿಯಾಗುತ್ತದೆ. ಅನುಪಾತ ತೀರ ದೊಡ್ಡದಾದರೆ ಬಯಸಿದ ವೇಗ ಬರುವ ಮುನ್ನವೇ ಕ್ಲಚ್‌ನ ವ್ಯಾಪ್ತಿ ಮುಗಿದು, ಇಂಜಿನ್ ಅಗತ್ಯಕ್ಕಿಂತ ವೇಗವಾಗಿ ತಿರುಗುತ್ತದೆ. ಆದ್ದರಿಂದ ಸವಾರನು ವಾಸ್ತವವಾಗಿ ತಲುಪುವ ಗರಿಷ್ಠ ವೇಗದಲ್ಲಿ ಸಿವಿಟಿ 1:1ರ ಆಸುಪಾಸಿನಲ್ಲಿ ಇರುವಂತೆ ಗೇರ್ ಆಯ್ದುಕೊಳ್ಳುವುದು ರೂಢಿ. ಎಂದೂ ತಲುಪದ ವೇಗಕ್ಕಾಗಿ ಗೇರ್ ಹೊಂದಿಸುವುದು ಬೆಲ್ಟಿನ ಆಯುಷ್ಯವನ್ನು ಕುಗ್ಗಿಸುತ್ತದೆ. ಹಲ್ಲುಚಕ್ರ ಬದಲಿಸಿದಾಗ ಚೈನಿನ ಉದ್ದ ಮತ್ತು ಬಿಗಿತವನ್ನೂ ಪರಿಶೀಲಿಸಬೇಕು.

ಬೆಲ್ಟಿನ ಆಯ್ಕೆ

ಬೆಲ್ಟಿನ ಸುತ್ತಳತೆ, ಮೇಲ್ಭಾಗದ ಅಗಲ ಮತ್ತು ಬದಿಗಳ ಕೋನ ಈ ಮೂರೂ ಕ್ಲಚ್‌ಗೆ ಹೊಂದಬೇಕು. ನೋಡಲು ಒಂದೇ ರೀತಿ ಇರುವ ಎರಡು ಬೆಲ್ಟುಗಳ ಅಳತೆಯಲ್ಲಿ ಕೆಲವೇ ಮಿ.ಮೀ. ವ್ಯತ್ಯಾಸವಿದ್ದರೂ ವಾಹನದ ವರ್ತನೆ ಬದಲಾಗುತ್ತದೆ. ಬೆಲ್ಟ್ ದ್ವಿತೀಯಕ ರಾಟೆಯಲ್ಲಿ ತೀರ ಮೇಲೆ ಕುಳಿತು ಬಿಗಿಯಾಗಿದ್ದರೆ ಆಕ್ಸಿಲರೇಟರ್ ಒತ್ತದಿದ್ದರೂ ವಾಹನ ಮುಂದಕ್ಕೆ ತೆವಳುತ್ತದೆ. ತೀರ ಕೆಳಗೆ ಕುಳಿತು ಸಡಿಲವಾಗಿದ್ದರೆ ಹೊರಡುವಾಗ ಜಗ್ಗುತ್ತದೆ. ತಯಾರಕರ ಕೈಪಿಡಿಯಲ್ಲಿ ನಮೂದಿಸಿದ ಬೆಲ್ಟಿನ ಸಂಖ್ಯೆಯೇ ಆಯ್ಕೆಯ ಆರಂಭಬಿಂದು.

ಹಳೆಯ ಬೆಲ್ಟುಗಳಲ್ಲಿ ನಿಯೋಪ್ರೀನ್ ರಬ್ಬರ್ ಬಳಕೆಯಲ್ಲಿತ್ತು. ಹೆಚ್ಚಿನ ಶಕ್ತಿಯ ವಾಹನಗಳಿಗೆ ಶಾಖವನ್ನು ಉತ್ತಮವಾಗಿ ತಾಳುವ ಕೃತಕ ರಬ್ಬರುಗಳು ಬಂದಿವೆ. ಎಳೆತವನ್ನು ಹೊರುವುದು ರಬ್ಬರಿನೊಳಗಿನ ಅರಾಮಿಡ್ ಅಥವಾ ಕಾರ್ಬನ್ ನಾರಿನ ಹುರಿಗಳು. ಒಳಬದಿಯ ಹಲ್ಲುಗಳು ಬೆಲ್ಟ್ ಸುಲಭವಾಗಿ ಬಾಗಲು ಹಾಗೂ ತಂಪಾಗಲು ನೆರವಾಗುತ್ತವೆ. ಗಡಸಾದ ಬೆಲ್ಟ್ ಹೆಚ್ಚು ಶಕ್ತಿಯನ್ನು ತಾಳಬಲ್ಲದಾದರೂ ಅದರ ಹಿಡಿತ ಬೇರೆಯಾಗಿರುತ್ತದೆ. ಹೀಗಾಗಿ ಬೆಲ್ಟಿನ ಬಗೆ ಬದಲಿಸಿದಾಗ ಇಂಜಿನ್ನಿನ ಗರಿಷ್ಠ ಸುತ್ತುಗಳನ್ನು ಮತ್ತೆ ಪರೀಕ್ಷಿಸಬೇಕು. ಸುತ್ತು ಹೆಚ್ಚಾಗಿದ್ದರೆ ಭಾರವಾದ, ಕಡಿಮೆಯಾಗಿದ್ದರೆ ಹಗುರವಾದ ತೂಕದ ತುಂಡುಗಳನ್ನು ಹಾಕಲಾಗುತ್ತದೆ. ಮೊದಲು ಗೇರ್, ನಂತರ ಬೆಲ್ಟ್, ಕೊನೆಯಲ್ಲಿ ತೂಕ ಮತ್ತು ಸ್ಪ್ರಿಂಗ್ ಎಂಬುದು ಹೊಂದಾಣಿಕೆಯ ಸರಿಯಾದ ಕ್ರಮ.

ಹೊಸ ಬೆಲ್ಟನ್ನು ಮೊದಲ ಕೆಲವು ಹತ್ತು ಕಿ.ಮೀ. ದೂರ ಪೂರ್ಣಶಕ್ತಿ ಬಳಸದೆ, ವೇಗವನ್ನು ಏರಿಳಿಸುತ್ತ ಓಡಿಸಬೇಕು. ತೀವ್ರ ಚಳಿಯಲ್ಲಿ ಬೆಲ್ಟ್ ಪೆಡಸಾಗುವುದರಿಂದ ಹೊರಡುವ ಮುನ್ನ ಹಿಮಕ್ಕೆ ಅಂಟಿಕೊಂಡ ಟ್ರ್ಯಾಕನ್ನು ಬಿಡಿಸಿ, ನಿಧಾನವಾಗಿ ಸಾಗಿ ಬೆಚ್ಚಗಾಗಿಸುವುದು ಅಗತ್ಯ.

ಹಾನಿಯ ಲಕ್ಷಣಗಳು

* ಬದಿಗಳು ಹೊಳಪಾಗಿದ್ದರೆ ಬೆಲ್ಟ್ ಜಾರುತ್ತಿದೆ ಎಂದರ್ಥ.
* ಒಂದೇ ಜಾಗದಲ್ಲಿ ಅಗಲ ಕಿರಿದಾಗಿದ್ದರೆ, ಟ್ರ್ಯಾಕ್ ಹೆಪ್ಪುಗಟ್ಟಿ ನಿಂತಿದ್ದಾಗ ಇಂಜಿನ್ನಿನ ಶಕ್ತಿ ಹೆಚ್ಚಿಸಿದ್ದು ಸಾಮಾನ್ಯ ಕಾರಣ.
* ಒಂದೇ ಅಂಚಿನಲ್ಲಿ ಹುರಿಗಳು ಹೊರಬಂದಿದ್ದರೆ ಎರಡು ರಾಟೆಗಳು ಒಂದೇ ನೇರದಲ್ಲಿಲ್ಲದಿರುವ ಸಾಧ್ಯತೆ ಇದೆ.
* ಅಗಲವು ಕೈಪಿಡಿಯ ಮಿತಿಗಿಂತ ಸವೆದಿದ್ದರೆ ಆರಂಭದ ಎಳೆತ ಮತ್ತು ಗರಿಷ್ಠ ವೇಗ ಎರಡೂ ಕುಗ್ಗುತ್ತವೆ.

ಸುರಕ್ಷತೆ

ವೇಗದಲ್ಲಿರುವಾಗ ತುಂಡಾದ ಬೆಲ್ಟಿನ ಚೂರುಗಳು ರಭಸದಿಂದ ಸಿಡಿಯುತ್ತವೆ. ಆದ್ದರಿಂದ ರಕ್ಷಣಾ ಹೊದಿಕೆ ಇಲ್ಲದೆ ಇಂಜಿನ್ ಚಾಲೂ ಮಾಡಬಾರದು. ಬೆಲ್ಟ್ ಪರೀಕ್ಷೆಯನ್ನು ಇಂಜಿನ್ ನಿಲ್ಲಿಸಿದ ನಂತರವೇ ಮಾಡಬೇಕು. ಬ್ರೇಕ್ ಡಿಸ್ಕ್ ಚೈನ್‌ಕೇಸಿನ ಮೇಲಿನ ಶಾಫ್ಟಿನಲ್ಲಿರುವ ವಾಹನಗಳಲ್ಲಿ ಚೈನ್ ತುಂಡಾದರೆ ಬ್ರೇಕ್ ಟ್ರ್ಯಾಕನ್ನು ತಡೆಯಲಾರದು. ಜನವಸತಿಯಿಂದ ದೂರದ ಪರ್ವತಗಳಲ್ಲಿ ಬೆಲ್ಟ್ ತುಂಡಾದರೆ ವಾಹನ ಅಲ್ಲೇ ನಿಲ್ಲುವುದರಿಂದ, ಒಂದು ಹೆಚ್ಚುವರಿ ಬೆಲ್ಟ್ ಮತ್ತು ಅದನ್ನು ಬದಲಿಸುವ ಉಪಕರಣ ಸವಾರನ ಬಳಿ ಇರಲೇಬೇಕು.

ಹಲ್ಲುಬೆಲ್ಟ್ ವ್ಯವಸ್ಥೆ

ಪೋಲಾರಿಸ್ ಸಂಸ್ಥೆಯು 2013ರ ಪರ್ವತ ಮಾದರಿಗಳಲ್ಲಿ ಚೈನ್‌ಕೇಸಿನ ಬದಲು ಹಲ್ಲುಗಳುಳ್ಳ ಬೆಲ್ಟನ್ನು ಅಳವಡಿಸಿತು. ಇದು ಸಿವಿಟಿ ಬೆಲ್ಟಿಗಿಂತ ಭಿನ್ನವಾದ ಎರಡನೆಯ ಬೆಲ್ಟ್. ಇದರಿಂದ ತೂಕ ಕಡಿಮೆಯಾಗುತ್ತದೆ ಮತ್ತು ಚೈನಿಗೆ ಬೇಕಾದ ಎಣ್ಣೆಯ ಅಗತ್ಯವಿರುವುದಿಲ್ಲ. ಆದರೆ ಅನುಪಾತ ಬದಲಿಸಬೇಕಾದರೆ ಹಲ್ಲುರಾಟೆಗಳನ್ನೇ ಬದಲಿಸಬೇಕು, ಮತ್ತು ಚೈನ್ ವ್ಯವಸ್ಥೆಯಲ್ಲಿರುವಷ್ಟು ಆಯ್ಕೆಗಳು ಇದರಲ್ಲಿ ಇರುವುದಿಲ್ಲ.