ಬಾಟಲಿ ಜಾಕೆಟ್ ಆದರೆ ಚಕ್ರ ಪೂರ್ತಿಯಾಯಿತೇ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಇಂಡಿಯನ್ ಆಯಿಲ್ ಕಂಪನಿ ಪ್ರಧಾನಿಯವರಿಗೆ ಒಂದು ಜಾಕೆಟ್ ಕೊಟ್ಟಿತು. ಬಳಸಿ ಎಸೆದ, ಪೆಟ್ ಎಂಬ ಪ್ಲಾಸ್ಟಿಕ್‌ನ ಬಾಟಲಿಗಳಿಂದ ಮಾಡಿದ್ದು. ಅದೇ ವಾರ ಅವರು ಅದನ್ನು ತೊಟ್ಟು ಸಂಸತ್ತಿಗೂ ಬಂದರು. ಬಾಟಲಿ ಬಟ್ಟೆಯಾದರೆ ಸಂತೋಷವೇ. ಆದರೆ ಇದನ್ನು ಚಕ್ರೀಯ ಆರ್ಥಿಕತೆ, ಅಂದರೆ ವಸ್ತು ಕಸವಾಗದೆ ಮತ್ತೆ ಮತ್ತೆ ಬಳಕೆಗೆ ಬರುವ ವ್ಯವಸ್ಥೆ, ಎಂದು ಕರೆಯಲು ನನ್ನ ತಕರಾರಿದೆ. ಬಟನ್ನು, ಬಣ್ಣ, ಬೇರೆ ನೂಲು ಬೆರೆತ ಜಾಕೆಟ್ ಹರಿದ ಮೇಲೆ ಮತ್ತೆ ಬಾಟಲಿಯಾಗುವುದು ತೀರಾ ಅಪರೂಪ.

ಪೆಟ್ ಹುಟ್ಟಿದ್ದೇ ನೂಲಿಗಾಗಿ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅದನ್ನು ತಯಾರಿಸಿದರು. ಅಮೆರಿಕದ ನಥಾನಿಯಲ್ ವೈಯೆತ್ ಪೆಟ್ ಬಾಟಲಿಗೆ ಪೇಟೆಂಟ್ ಪಡೆದದ್ದು 1973ರಲ್ಲಿ.

ಆದರೆ ನೂಲಿಗೂ ಬಾಟಲಿಗೂ ಬೇಕಾದ ಪೆಟ್ ಒಂದೇ ಬಗೆಯದಲ್ಲ. ಪೆಟ್‌ನ ಅಣುಸರಪಳಿಯನ್ನು ಮಲ್ಲಿಗೆ ದಂಡೆ ಎಂದುಕೊಳ್ಳಿ. ಬಾಟಲಿಗೆ ಮಾರುದ್ದದ ದಂಡೆ ಬೇಕು, ಇಲ್ಲವಾದರೆ ಸೋಡಾದ ಒತ್ತಡ ತಡೆಯದು. ಬಟ್ಟೆಯ ನೂಲಿಗೆ ಅದಕ್ಕಿಂತ ಗಿಡ್ಡದ್ದು ಸಾಕು. ಹಳೆಯ ಬಾಟಲಿಯ ಚೂರುಗಳನ್ನು ಕರಗಿಸುವಾಗ ಅವುಗಳಲ್ಲಿ ಒಂದಿಷ್ಟು ತೇವ ಉಳಿದಿದ್ದರೂ ನೀರು ದಂಡೆಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಆಗ ಸುಲಭದ ದಾರಿ ನೂಲು. ಕಡಿದ ದಂಡೆಯನ್ನು ಮತ್ತೆ ಕಟ್ಟಲೂ ಬರುತ್ತದೆ: ಚೂರು ಕರಗಿಸಿ ಮಾಡಿದ ಕಾಳುಗಳನ್ನು ಮತ್ತೆ ಕರಗದಂತೆ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿರ್ವಾತದಲ್ಲೋ ಸಾರಜನಕದಲ್ಲೋ ಗಂಟೆಗಟ್ಟಲೆ ಇಟ್ಟರೆ ತುದಿಗೆ ತುದಿ ಕೂಡಿ ದಂಡೆ ಮತ್ತೆ ಉದ್ದವಾಗುತ್ತದೆ. ಹೀಗೆ ಬಾಟಲಿಯೇ ಬಾಟಲಿಯಾಗಬಹುದು. ಖರ್ಚು ಮಾತ್ರ ಜಾಸ್ತಿ.

ಬಾಟಲಿಯಿಂದ ಬಾಟಲಿ ಮಾಡುವ ಈ ದಾರಿಯನ್ನೂ ಕೆಡಿಸುವುದು ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್. ಬಾಟಲಿಯ ಮೈಗೆ ಬಿಗಿದಿರುವ ಕೆಲವು ಲೇಬಲ್‌ಗಳು ಅದರವು. ತೊಳೆಯುವ ತೊಟ್ಟಿಯಲ್ಲಿ ಮುಚ್ಚಳದ ಚೂರು ತೇಲುತ್ತದೆ, ಎತ್ತಿ ಹಾಕಬಹುದು. ಪಿವಿಸಿ ಪೆಟ್‌ನಷ್ಟೇ ಭಾರ, ಅದರ ಜೊತೆಗೇ ಮುಳುಗುತ್ತದೆ. ಮುಂದೆ ಕುಲುಮೆಯಲ್ಲಿ ಆಮ್ಲ ಬಿಟ್ಟು ಇಡೀ ಮಾಲನ್ನು ಹಳದಿ ಮಾಡುತ್ತದೆ.

ಜೀವಿಗಳನ್ನು ನಂಬಿ ಕೂರುವಂತೆಯೂ ಇಲ್ಲ. 2016ರಲ್ಲಿ ಜಪಾನಿನಲ್ಲಿ ಪೆಟ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಾಗ ಕಸದ ಸಮಸ್ಯೆಯೇ ಮುಗಿಯಿತೆಂಬಂತೆ ಸುದ್ದಿಯಾಯಿತು. ತೆಳ್ಳನೆಯ ಹಾಳೆಯೊಂದನ್ನು ಅರಗಿಸಲು ಅದಕ್ಕೆ ವಾರಗಳೇ ಬೇಕಾದವು.

ಭರವಸೆ ಇರುವುದು ಬೇಸರ ಹುಟ್ಟಿಸುವ ಕಡೆ, ನಿಯಮದಲ್ಲಿ. ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ಕ್ಕೆ ಶೇ. 30, 2028-29ಕ್ಕೆ ಶೇ. 60ರಷ್ಟು ಮರುಬಳಕೆಯ ಮಾಲು ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ವಿಧಿಸಿತು. ಅದು ನಿಜವಾಗಬೇಕಾದರೆ ಕಂಪನಿಗಳು ಮೊದಲು ಪಿವಿಸಿ ಲೇಬಲ್ ಬಿಡಲಿ, ಬಾಟಲಿಗೆ ಬಣ್ಣ ಹಾಕುವುದನ್ನು ನಿಲ್ಲಿಸಲಿ. ಜಾಕೆಟ್ ಆಮೇಲೆ ಹೊಲಿಸಬಹುದು.