ಯಂತ್ರವೂ ಕಿರ್ದಿ ಬರೆಯುತ್ತದೆ

ನಮ್ಮ ಸಿಂದಗಿಯ ಹಳೆಯ ಅಡತಿ ಅಂಗಡಿಗಳಲ್ಲಿ ಗುಮಾಸ್ತರ ಮುಂದೆ ಎರಡು ದಪ್ಪ ಪುಸ್ತಕಗಳು ಇರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖತಾವಣಿ. ಬೆಳಗಿನಿಂದ ಸಂಜೆಯವರೆಗೆ ನಡೆದ ವ್ಯವಹಾರವನ್ನೆಲ್ಲ ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಅದನ್ನು ಅವರವರ ಹೆಸರಿನಲ್ಲಿ ಖತಾವಣಿಗೆ ಏರಿಸುತ್ತಿದ್ದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಕಿರ್ದಿಗೆ ಅಲ್ಲಿ ಡೇ ಬುಕ್ ಎಂಬ ಹೆಸರಿತ್ತು. ಹೆಸರು ಬೇರೆ, ಕೆಲಸ ಒಂದೇ. ಏನಾಯಿತೋ ಅದನ್ನು, ಆದ ಹೊತ್ತಿನಲ್ಲಿ, ಆದ ಹಾಗೆ ಬರೆದಿಡುವುದು.

ಮಕ್ಕಳೇ, ನಿಮ್ಮ ಮನೆಯ ಕಂಪ್ಯೂಟರ್ ಕೂಡ ಇಂಥದೇ ಕಿರ್ದಿ ಬರೆಯುತ್ತದೆ ಎಂಬುದು ನಿಮಗೆ ಗೊತ್ತೇ? ಅದರೊಳಗಿನ ಹೆಚ್ಚಿನ ಆ್ಯಪ್‌ಗಳು ತಾವು ಯಾವಾಗ ಎದ್ದೆವು, ಯಾವ ಫೈಲ್ ತೆರೆದೆವು, ಎಲ್ಲಿ ಎಡವಿದೆವು ಎಂದು ಸಾಲು ಸಾಲಾಗಿ ಬರೆದಿಡುತ್ತವೆ. ಇದಕ್ಕೆ ಲಾಗ್ ಫೈಲ್ ಎನ್ನುತ್ತಾರೆ. ಅದನ್ನು ಓದಲು ಎಂಜಿನಿಯರ್ ಆಗಬೇಕಿಲ್ಲ. ಬಿ.ಕಾಂ. ಓದಿದ ನನಗೆ, ಎಪ್ಪತ್ತು ದಾಟಿದ ಮೇಲೆ, ಅದು ಓದಲು ಬಂದಿದೆ. ಅಜ್ಜ-ಅಜ್ಜಿಯರೂ ಇದನ್ನು ಕಲಿಯಬೇಕು ಎನ್ನಲು ಒಂದು ಗಟ್ಟಿಯಾದ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮರದ ತುಂಡಿನಿಂದ ಬಂದ ಹೆಸರು

ಲಾಗ್ ಎಂದರೆ ಇಂಗ್ಲಿಷಿನಲ್ಲಿ ಮರದ ತುಂಡು. ಹಿಂದೆ ಹಡಗಿನ ವೇಗ ಅಳೆಯಲು ನಾವಿಕರು ಹಗ್ಗಕ್ಕೆ ಒಂದು ಮರದ ತುಂಡು ಕಟ್ಟಿ ಸಮುದ್ರಕ್ಕೆ ಎಸೆಯುತ್ತಿದ್ದರು. ಹಗ್ಗದಲ್ಲಿ ಸಮ ಅಂತರದಲ್ಲಿ ಗಂಟುಗಳಿರುತ್ತಿದ್ದವು. ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ನಾಟ್, ಅಂದರೆ ಗಂಟು, ಎಂಬ ಅಳತೆಯಲ್ಲಿ ಹೇಳುವುದು ಇದರಿಂದಲೇ. ಆ ವೇಗವನ್ನು ಬರೆದಿಡುವ ಪುಸ್ತಕಕ್ಕೆ ಲಾಗ್ ಬುಕ್ ಎಂಬ ಹೆಸರು ಬಂತು.

ಕಂಪ್ಯೂಟರ್ ಲೋಕದ ಬಲು ಪ್ರಸಿದ್ಧವಾದ ಲಾಗ್ ಬುಕ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್-2 ಯಂತ್ರದ್ದು. 1947ರ ಸೆಪ್ಟೆಂಬರ್ 9ರಂದು ಆ ಯಂತ್ರದ ಒಂದು ರಿಲೇ ಸ್ವಿಚ್ಚಿನಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಎಂಜಿನಿಯರರು ಅದನ್ನು ತೆಗೆದು ಲಾಗ್ ಬುಕ್ಕಿನ ಹಾಳೆಗೇ ಟೇಪ್ ಹಚ್ಚಿ ಅಂಟಿಸಿ, ಹೊತ್ತು ಬರೆದಿಟ್ಟರು. ಈ ಕಥೆಯನ್ನು ಊರೂರಿಗೆ ಹೇಳಿದವರು ಅದೇ ತಂಡದಲ್ಲಿದ್ದ ಗಣಿತಜ್ಞೆ ಗ್ರೇಸ್ ಹಾಪರ್. ಆ ಪುಟ ಪತಂಗದ ಸಮೇತ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಬರೆದಿಟ್ಟದ್ದರಿಂದಲ್ಲವೇ ಅಂದು ಏನಾಯಿತೆಂದು ನಮಗೆ ಇಂದು ತಿಳಿದದ್ದು!

ಒಂದು ಸಾಲು ಓದುವುದು ಹೇಗೆ?

ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಶಾಲೆಯ ಕೆಲಸಕ್ಕೆಂದು ಇಂಡಿಯ ಲಿಂಬೆ ತೋಟಗಳ ಫೋಟೊ ಕೂಡಿಸಿ ವಿಡಿಯೊ ಮಾಡುತ್ತಿದ್ದಳು. ಎಲ್ಲ ಮುಗಿದು ಉಳಿಸುವ ಹೊತ್ತಿಗೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ಹೀಗೇ ಆಯಿತು. ಆ್ಯಪ್ ತೆಗೆದು ಮತ್ತೆ ಹಾಕೋಣ ಎಂದು ಅವಳ ಅಪ್ಪ ಹೇಳಿದ. ಕಂಪ್ಯೂಟರ್ ಅಂಗಡಿಯವ ಫೋನಿನಲ್ಲೇ ಪೂರ್ತಿ ಫಾರ್ಮ್ಯಾಟ್ ಮಾಡಬೇಕು ಎಂದ. ಹುಡುಗಿ ಮಾತ್ರ ಆ್ಯಪ್‌ನ ಫೋಲ್ಡರಿನೊಳಗೆ ಹೊಕ್ಕು ಒಂದು ಫೈಲ್ ತೆರೆದು ನನ್ನನ್ನು ಕರೆದಳು.

"ಮುತ್ಯಾ, ಇಲ್ಲಿ ಬರ್ರಿ. ಇದ್ರಾಗ ಏನೇನೋ ಬರದೈತಿ ನೋಡ್ರಿ."

ನೋಡಿದೆ. ಕಿರ್ದಿಯ ಪುಟ ನೋಡಿದಂತೆಯೇ ಆಯಿತು. ಅದರ ಒಂದು ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ:

2025-05-04 04:45:12 ಝಡ್ | ಎರರ್ | ಎಕ್ಸ್‌ಪೋರ್ಟ್ | ಡಿಸ್ಕ್ ಫುಲ್

ಇದರಲ್ಲಿ ನಾಲ್ಕು ಕಾಲಂ ಇವೆ. ಯಾವಾಗ, ಎಷ್ಟು ಗಂಭೀರ, ಯಾರು, ಏನು.

ಮೊದಲು ಹೊತ್ತು. ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡು. "ನಸುಕಿನ ನಾಲ್ಕೂ ಮುಕ್ಕಾಲಕ್ಕ ನಾ ಮಲಗಿದ್ದೆನಲ್ಲ!" ಎಂದಳು ಹುಡುಗಿ. ಗುಟ್ಟು ಇರುವುದು ಕೊನೆಯ ಝಡ್ ಅಕ್ಷರದಲ್ಲಿ. ಈ ಹೊತ್ತು ಜಗತ್ತಿಗೆಲ್ಲ ಒಂದೇ ಆಗಿರುವ ಯುಟಿಸಿ ಸಮಯದಲ್ಲಿದೆ ಎಂದು ಅದು ಹೇಳುತ್ತದೆ. ನಮ್ಮ ಭಾರತದ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಕೂಡಿಸಿದರೆ ಬೆಳಿಗ್ಗೆ 10:15. ಅವಳು ಕಂಪ್ಯೂಟರ್ ಮುಂದೆ ಕೂತಿದ್ದ ಹೊತ್ತು ಸರಿಯಾಗಿ ಅದೇ. ಎಲ್ಲ ಆ್ಯಪ್‌ಗಳೂ ಹೀಗೆ ಬರೆಯುವುದಿಲ್ಲ, ಕೆಲವು ನಮ್ಮ ಸಮಯದಲ್ಲೇ ಬರೆಯುತ್ತವೆ. ಆದ್ದರಿಂದ ಹೊತ್ತು ಯಾವುದೆಂದು ಮೊದಲು ನೋಡಿಕೊಳ್ಳಬೇಕು.

ಎರಡನೆಯದು ಗಂಭೀರತೆ. ಇದನ್ನು ಅಡುಗೆಮನೆಯ ಮಾತಿನಲ್ಲಿ ಹೇಳುತ್ತೇನೆ. ಹಾಲು ಒಲೆಯ ಮೇಲೆ ಇಟ್ಟೆ ಎಂಬುದು ಇನ್ಫೊ, ಬರೀ ಮಾಹಿತಿ. ಹಾಲು ಉಕ್ಕಲು ಬಂತು ಎಂಬುದು ವಾರ್ನಿಂಗ್, ಎಚ್ಚರಿಕೆ. ಉಕ್ಕಿ ಚೆಲ್ಲಿತು ಎಂಬುದು ಎರರ್, ದೋಷ. ಸಿಲಿಂಡರ್ ಮುಗಿದು ಅಡುಗೆಯೇ ನಿಂತಿತು ಎಂಬುದು ಫೇಟಲ್ ಅಥವಾ ಕ್ರಿಟಿಕಲ್. ಇವಲ್ಲದೆ ಡಿಬಗ್ ಎಂಬುದೊಂದಿದೆ. ಅದು ಆ್ಯಪ್ ಮಾಡಿದವರು ತಮಗಾಗಿ ಬರೆದುಕೊಂಡ ಟಿಪ್ಪಣಿ, ನಾವು ದಾಟಿ ಹೋಗಬಹುದು.

ಮೂರನೆಯದು ಆ್ಯಪ್‌ನ ಯಾವ ಭಾಗ ಬರೆಯಿತು ಎಂಬುದು. ನಾಲ್ಕನೆಯದು ಆದ ಸಂಗತಿ. ಇಲ್ಲಿ ಅದು ಎರಡೇ ಮಾತು: ಡಿಸ್ಕಿನಲ್ಲಿ ಜಾಗ ಇಲ್ಲ.

ಮೊದಲ ತಪ್ಪು ಎಲ್ಲಿದೆ?

ಈ ಸಾಲು ನಮಗೆ ಕೂಡಲೇ ಸಿಗಲಿಲ್ಲ. ಫೈಲಿನ ತುದಿಯಲ್ಲಿ ಇಪ್ಪತ್ತು ಮೂವತ್ತು ಎರರ್ ಸಾಲುಗಳಿದ್ದವು. ಫೈಲ್ ಮುಚ್ಚಲಾಗಲಿಲ್ಲ, ಚಿತ್ರ ಸಿಗಲಿಲ್ಲ, ಹೀಗೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಕೊನೆಯ ಮೊತ್ತವನ್ನು ತಿದ್ದುತ್ತಿರಲಿಲ್ಲ. ಒಂದೊಂದೇ ಸಾಲು ಹಿಂದಕ್ಕೆ ಹೋಗಿ ಮೊದಲು ಎಲ್ಲಿ ತಪ್ಪಿತು ಎಂದು ಹುಡುಕುತ್ತಿದ್ದೆವು. ಅದು ಸರಿಯಾದರೆ ಅದರ ಬೆನ್ನಿಗೆ ಬಂದ ವ್ಯತ್ಯಾಸಗಳು ತಾವೇ ಸರಿಯಾಗುತ್ತಿದ್ದವು. ಲಾಗ್ ಫೈಲಿಗೂ ಇದೇ ರೀತಿ. ಕೆಳಗಿನಿಂದ ಮೇಲಕ್ಕೆ ಹೋಗಿ, ತೊಂದರೆಯಾದ ಹೊತ್ತಿನ ಮೊದಲ ಎರರ್ ಹಿಡಿಯಬೇಕು. ಕಂಟ್ರೋಲ್ ಮತ್ತು ಎಫ್ ಗುಂಡಿ ಒಟ್ಟಿಗೆ ಒತ್ತಿ ಎರರ್ ಎಂದು ಹುಡುಕಿದರೆ ಕೆಲಸ ಹಗುರ.

ಹಾರ್ಡ್ ಡಿಸ್ಕಿನಲ್ಲಿ ತುಂಬಿದ್ದ ಹಳೆಯ ಮದುವೆ ವಿಡಿಯೊಗಳನ್ನು ಬೇರೆ ಕಡೆ ಇಟ್ಟೆವು. ನಾಲ್ಕನೆಯ ಸಲ ಲಿಂಬೆ ತೋಟ ಚೆನ್ನಾಗಿ ಉಳಿಯಿತು. ಫಾರ್ಮ್ಯಾಟ್ ಮಾಡಿದ್ದರೆ ಮನೆಯ ಫೋಟೊಗಳೆಲ್ಲ ಹೋಗುತ್ತಿದ್ದವು.

ಕೆಂಪು ಗುರುತು ತೋರಿಸಿ ಹೆದರಿಸುವವರು

ಅಜ್ಜ-ಅಜ್ಜಿಯರಿಗೆ ಹೇಳಬೇಕಾದದ್ದು ಇದು. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಒಂದು ದಿನ ಕಿವಿಗೆ ಫೋನ್ ಹಚ್ಚಿಕೊಂಡೇ ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ದೊಡ್ಡ ಕಂಪ್ಯೂಟರ್ ಕಂಪನಿಯವನೆಂದು ಹೇಳಿಕೊಂಡ ಒಬ್ಬಾತ ಅವರ ಲ್ಯಾಪ್‌ಟಾಪಿನಲ್ಲಿ ಈವೆಂಟ್ ವ್ಯೂವರ್ ಎಂಬುದನ್ನು ತೆರೆಸಿದ್ದ. ಅಲ್ಲಿದ್ದ ಕೆಂಪು, ಹಳದಿ ಗುರುತುಗಳನ್ನು ಎಣಿಸಲು ಹಚ್ಚಿ, ಇಷ್ಟೂ ವೈರಸ್, ಸಂಜೆಯೊಳಗೆ ನಿಮ್ಮ ಬ್ಯಾಂಕ್ ಖಾತೆ ಖಾಲಿ ಎಂದು ಹೆದರಿಸಿದ್ದ. ಈಗ ಒಂದು ಆ್ಯಪ್ ಹಾಕಿಕೊಳ್ಳಿ, ಇಲ್ಲಿಂದಲೇ ಸರಿಮಾಡುತ್ತೇನೆ ಎನ್ನುತ್ತಿದ್ದ.

"ಮೊದಲ ಫೋನ್ ಇಡ್ರಿ ಮಾಸ್ತರ್ರ," ಎಂದೆ.

ಈವೆಂಟ್ ವ್ಯೂವರ್ ಎಂಬುದು ವಿಂಡೋಸ್‌ನ ಸ್ವಂತ ಕಿರ್ದಿ. ಅದರಲ್ಲಿ ಕೆಂಪು ಗುರುತು ಇಲ್ಲದ ಕಂಪ್ಯೂಟರ್ ಸಿಗುವುದು ಕಷ್ಟ. ಮಾಸ್ತರರ ಯಂತ್ರದಲ್ಲಿ ಕೆಂಪಾಗಿದ್ದ ಸಾಲುಗಳಲ್ಲಿ ಬಹಳಷ್ಟು ಕರ್ನಲ್-ಪವರ್ 41 ಮತ್ತು 6008 ಎಂಬ ಸಂಖ್ಯೆಯವು. ಸರಿಯಾಗಿ ಶಟ್ ಡೌನ್ ಆಗದೆ ಯಂತ್ರ ಆರಿಹೋಗಿತ್ತು ಎಂಬುದಷ್ಟೇ ಅವುಗಳ ಅರ್ಥ. ಅವರ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಬೇಸಿಗೆಯಲ್ಲಿ ಕರೆಂಟ್ ಹೋದಾಗಲೆಲ್ಲ ಯಂತ್ರ ಆರಿ, ಮತ್ತೆ ಎದ್ದಾಗ ಒಂದು ಕೆಂಪು ಸಾಲು ಬರೆದಿತ್ತು. ದಿನಾಂಕ ನೋಡುತ್ತ ಹೋದಂತೆ ಮಾಸ್ತರರೇ, "ಹೌದ್ರಿ, ಅವತ್ತು ಗಾಳಿ-ಮಳಿ ಬಂದಿತ್ತು" ಎನ್ನತೊಡಗಿದರು. ಇನ್ನುಳಿದ ಹಲವು 10016 ಸಂಖ್ಯೆಯವು. ಇವುಗಳಿಂದ ಕೆಲಸಕ್ಕೆ ತೊಂದರೆಯಿಲ್ಲ, ಬಿಟ್ಟುಬಿಡಬಹುದು ಎಂದು ವಿಂಡೋಸ್ ಮಾಡಿದ ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ.

ಆ ಮೋಸಗಾರ ತೋರಿಸಿದ್ದು ಸುಳ್ಳು ಸಾಲುಗಳನ್ನಲ್ಲ. ನಿಜವಾದ ಸಾಲುಗಳಿಗೆ ಸುಳ್ಳು ಅರ್ಥ ಹೇಳಿದ್ದ. ಓದಲು ಬಾರದವರಿಗೆ ಬೇರೆಯವರು ಕಾಗದ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕಾಲವನ್ನು ನಾವು ಹಿರಿಯರು ಕಂಡಿದ್ದೇವೆ. ಇದು ಅದೇ ಮೋಸದ ಹೊಸ ರೂಪ. ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಒಮ್ಮೆ ಒಳಗೆ ಬಂದರೆ ನಮ್ಮ ಪರದೆ, ಪಾಸ್‌ವರ್ಡ್ ಎಲ್ಲ ಅವನ ಕೈಗೆ ಹೋದಂತೆ.

ಇದು ನಮ್ಮ ಓಣಿಯ ಕಥೆ ಮಾತ್ರವಲ್ಲ. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ಸಹಾಯ ಕೇಂದ್ರದವರೆಂದು ನಟಿಸಿ ವಿದೇಶದ ಜನರನ್ನು ಸುಲಿಯುತ್ತಿದ್ದ ಕಾಲ್ ಸೆಂಟರ್‌ಗಳು ಅದರಲ್ಲಿ ಸಿಕ್ಕಿಬಿದ್ದವು. ಮಕ್ಕಳ ಜೊತೆ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ನಮ್ಮ ಹಿರಿಯರೂ ಇದನ್ನು ನೆನಪಿಡಬೇಕು. ಕಂಪನಿಯವರು ತಾವಾಗಿ ಫೋನ್ ಮಾಡಿ ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ ಎನ್ನುವುದಿಲ್ಲ. ಭಾರತದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ನಮ್ಮ ಹಣ, ನಮ್ಮ ಹೊಲ

ಲಾಗ್ ನಮ್ಮ ಪರವಾಗಿ ಸಾಕ್ಷಿ ಹೇಳುವುದೂ ಉಂಟು. ಎಟಿಎಮ್ಮಿನಲ್ಲಿ ಹಣ ಬರದೆ ಖಾತೆಯಿಂದ ಕಡಿತವಾದರೆ ಬ್ಯಾಂಕಿನವರು ನೋಡುವುದು ಆ ಯಂತ್ರ ಬರೆದ ಎಲೆಕ್ಟ್ರಾನಿಕ್ ಜರ್ನಲ್. ಕಾರ್ಡ್ ಹಾಕಿದ್ದು ಯಾವಾಗ, ನೋಟು ಹೊರಗೆ ಬಂತೋ ಇಲ್ಲವೋ ಎಲ್ಲ ಅದರಲ್ಲಿ ಇರುತ್ತದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಹೀಗಾದಾಗ ವ್ಯವಹಾರದ ದಿನದಿಂದ 5 ದಿನದೊಳಗೆ ಹಣ ಖಾತೆಗೆ ಮರಳಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸ್ಲಿಪ್ಪಿನ ಮೇಲಿನ ಹೊತ್ತನ್ನು ಬರೆದಿಟ್ಟುಕೊಳ್ಳಿ, ಜರ್ನಲ್‌ನಲ್ಲಿ ಆ ಸಾಲನ್ನು ಹುಡುಕಲು ಅದೇ ಕೀಲಿಕೈ.

ಹೊಲದ ಉತಾರಕ್ಕೂ ಇದು ಅನ್ವಯ. ಸುಮಾರು 2000ರಿಂದ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ಕೈಬರಹದ ದಾಖಲೆಯನ್ನು ಯಾರು, ಯಾವಾಗ ತಿದ್ದಿದರೆಂದು ರೈತನಿಗೆ ತಿಳಿಯುವುದು ಕಷ್ಟವಿತ್ತು. ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಮಾಡಿದ ವ್ಯವಹಾರವೆಲ್ಲ ಲಾಗ್‌ನಲ್ಲಿ ದಾಖಲಾಗಬೇಕು ಎಂಬ ಏರ್ಪಾಡು ಮಾಡಿದರು. ನಾನು ಮಾಡಿಲ್ಲ ಎನ್ನಲು ಬರದಂತೆ ಆಯಿತು.

ಬೇರೆಯವರಿಗೆ ಕಳಿಸುವ ಮುನ್ನ

ಆ್ಯಪ್ ಕೆಟ್ಟಾಗ ಅದನ್ನು ಮಾಡಿದವರು ಲಾಗ್ ಫೈಲ್ ಕಳಿಸಿ ಎಂದು ಕೇಳುವುದುಂಟು. ನೀವಾಗಿಯೇ ಸಹಾಯ ಕೇಳಿದ್ದರೆ ಕಳಿಸಬಹುದು. ಆದರೆ ಮೊದಲು ಒಮ್ಮೆ ಓದಿ. ಅದರಲ್ಲಿ ನಿಮ್ಮ ಹೆಸರು, ಇ-ಮೇಲ್, ಫೈಲುಗಳ ಹೆಸರು ಇರಬಹುದು. ಅಪ್ಪನ ಆಪರೇಷನ್ ವರದಿ ಎಂಬ ಫೈಲ್ ತೆರೆದಿದ್ದರೆ ಆ ಮಾತೇ ಅಲ್ಲಿ ಬಿದ್ದಿರಬಹುದು. 2018ರ ಮೇ ತಿಂಗಳಲ್ಲಿ ಟ್ವಿಟರ್ ಕಂಪನಿ, ಒಂದು ದೋಷದಿಂದ ಬಳಕೆದಾರರ ಪಾಸ್‌ವರ್ಡ್‌ಗಳು ತನ್ನ ಒಳಗಿನ ಲಾಗ್‌ನಲ್ಲಿ ಬಿಚ್ಚಾಗಿ ದಾಖಲಾಗಿದ್ದವೆಂದು ತಿಳಿಸಿ, ಎಲ್ಲರೂ ಬದಲಿಸಿಕೊಳ್ಳಿ ಎಂದಿತ್ತು. ದೊಡ್ಡವರ ಮನೆಯಲ್ಲೇ ಹೀಗಾಗುವಾಗ ನಾವು ಎಚ್ಚರವಾಗಿರುವುದು ಲೇಸು. ಫೈಲಿನ ಪ್ರತಿ ಮಾಡಿ, ಪ್ರತಿಯಲ್ಲಿ ಹೆಸರು ಅಳಿಸಿ, ಅದನ್ನಷ್ಟೇ ಕಳಿಸಿ. ಮೂಲವನ್ನು ತಿದ್ದಬೇಡಿ.

ಈ ರವಿವಾರ ಮಾಡಿ ನೋಡಿ

ಮೊಮ್ಮಕ್ಕಳೂ ಅಜ್ಜ-ಅಜ್ಜಿಯೂ ಒಟ್ಟಿಗೆ ಕೂಡಿ.

1. ವಿಂಡೋಸ್‌ನ ಸ್ಟಾರ್ಟ್ ಒತ್ತಿ ಈವೆಂಟ್ ವ್ಯೂವರ್ ಎಂದು ಇಂಗ್ಲಿಷಿನಲ್ಲಿ ಹುಡುಕಿ ತೆರೆಯಿರಿ. ಆ್ಯಪಲ್ ಕಂಪ್ಯೂಟರ್ ಇದ್ದರೆ ಕನ್ಸೋಲ್ ಎಂಬ ಆ್ಯಪ್ ತೆರೆಯಿರಿ. ಲಿನಕ್ಸ್ ಇದ್ದವರು ವಾರ್ ಎಂಬ ಫೋಲ್ಡರಿನೊಳಗಿನ ಲಾಗ್ ಫೋಲ್ಡರ್ ನೋಡಿ.

2. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ಎಂಬಲ್ಲಿ ಹೋಗಿ. ಬರೀ ನೋಡಿ, ಏನನ್ನೂ ಅಳಿಸಬೇಡಿ.

3. ಒಂದು ಕೆಂಪು ಸಾಲು ಆರಿಸಿ ಯಾವಾಗ, ಎಷ್ಟು ಗಂಭೀರ, ಯಾರು, ಏನು ಎಂದು ನಾಲ್ಕು ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

4. ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆದಿತ್ತು ಎಂದು ಅಜ್ಜಿಯನ್ನು ಕೇಳಿ. ಕರೆಂಟ್ ಹೋಗಿದ್ದು ಅವರಿಗೆ ನೆನಪಿರುತ್ತದೆ.

ಹಳೆಯ ಸಾಲುಗಳು ಸಿಗದಿದ್ದರೆ ಗಾಬರಿ ಬೇಡ. ಕಿರ್ದಿ ತುಂಬಿದ ಮೇಲೆ ಯಂತ್ರ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಹತ್ತು ಸಾಲು ಓದುವಷ್ಟರಲ್ಲಿ ಅದರ ಮಾತು ನಿಮಗೆ ರೂಢಿಯಾಗುತ್ತದೆ. ಆಮೇಲೆ ಯಾರಾದರೂ ಫೋನಿನಲ್ಲಿ ಕೆಂಪು ಗುರುತು ತೋರಿಸಿ ಹೆದರಿಸಿದರೆ, ಅದು ಎಷ್ಟನೇ ನಂಬರಿನ ಸಾಲು, ಯಾವ ದಿನದ್ದು ಎಂದು ಕೇಳಿ. ಅವನೇ ಫೋನ್ ಇಡುತ್ತಾನೆ. ಇಡದಿದ್ದರೆ ನೀವು ಇಡಿ.